ಬಂದೋಬಸ್ತ್ ಕಲಿಸಿದ ಸಾಹೇಬರಿಗೆ

ಘನತೆವೆತ್ತ ಪರ್ಷಿಯನ್ ಕೊಲ್ಲಿಯ ಬ್ರಿಟಿಷ್ ಪೊಲಿಟಿಕಲ್ ರೆಸಿಡೆಂಟ್ ಸಾಹೇಬರಿಗೆ,
ಮೊಕ್ಕಾಂ ಬುಶೆಹರ್, ಪರ್ಷಿಯಾ.

ಕನ್ನಡ ನಾಡಿನ ಒಬ್ಬ ಅರ್ಜಿದಾರನ ಸಲಾಮುಗಳು. ತಾವು ಈಗ ಆ ಕುರ್ಚಿಯಲ್ಲಿಲ್ಲ ಎಂಬುದು ನನಗೆ ಗೊತ್ತು. 1946ರಲ್ಲಿ ಕಚೇರಿಯನ್ನು ಬಹ್ರೇನಿಗೆ ಸಾಗಿಸಿದಿರಿ, 1971ರಲ್ಲಿ ಅಲ್ಲಿಯೂ ಬೀಗ ಬಿತ್ತು. ಆದರೂ ಸರಕಾರಿ ಕಚೇರಿಗೆ ಬರೆದ ಅರ್ಜಿ, ತೆಗೆದುಕೊಳ್ಳುವವರಿಲ್ಲದಿದ್ದರೂ, ಎಲ್ಲೋ ಒಂದು ಕಡತದಲ್ಲಿ ಸೇರಿಕೊಳ್ಳುತ್ತದೆ ಎಂಬ ನಂಬಿಕೆ ನಮ್ಮ ಕಡೆಯವರಿಗೆ ಇನ್ನೂ ಹೋಗಿಲ್ಲ.

ಬರೆಯಲು ಕಾರಣ ಒಂದು ಪದ. ನಮ್ಮೂರಲ್ಲಿ ಗಣಪತಿ ಮೆರವಣಿಗೆ ಹೊರಟರೆ, ಮಂತ್ರಿಗಳು ಬಂದರೆ, ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆದರೆ ಮಾರನೆಯ ದಿನದ ಪತ್ರಿಕೆಯಲ್ಲಿ ‘ಬಿಗಿ ಬಂದೋಬಸ್ತ್’ ಇದ್ದೇ ಇರುತ್ತದೆ. ಈ ಬಂದೋಬಸ್ತ್ ನಮ್ಮದಲ್ಲ, ಪಾರಸಿಯಿಂದ ಬಂದದ್ದು. ಅದರ ಜೊತೆಗೇ ತಹಶೀಲ್ದಾರ, ಶಿರಸ್ತೇದಾರ, ಗುಮಾಸ್ತ, ದಸ್ತಗಿರಿ, ರಹದಾರಿ, ಅರ್ಜಿ, ಬಾಕಿ, ವಸೂಲಿ ಎಲ್ಲವೂ ಬಂದವು. ನಮ್ಮ ತಾಲ್ಲೂಕು ಕಚೇರಿಯಿಂದ ಪಾರಸಿಯನ್ನು ಹೊರಗೆ ಹಾಕಿದರೆ ಉಳಿಯುವುದು ಫ್ಯಾನು ಮತ್ತು ಬೆಂಚು, ಅವು ತಮ್ಮವು.

ಅಂಥ ಪರ್ಷಿಯಾ ದೇಶಕ್ಕೆ ತಾವು ಬಂದೋಬಸ್ತ್ ಕಲಿಸಲು ಹೋದಿರಿ. ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು ಎನ್ನೋಣವೆಂದರೆ, ಅಜ್ಜಿಗೆ ಆಗ ನಿಜಕ್ಕೂ ದಮ್ಮು ಹಿಡಿದಿತ್ತು.

ನನಗೂ ತಮಗೂ ಸಂಬಂಧವೇನು ಎಂದು ಕೇಳಬಾರದು. ಈಸ್ಟ್ ಇಂಡಿಯಾ ಕಂಪನಿ ಬುಶೆಹರಿನಲ್ಲಿ ಕೋಠಿ ತೆರೆದದ್ದು 1763ರಲ್ಲಿ. 1800ರಲ್ಲಿ ಅದೇ ಬಂದರಿನಲ್ಲಿ ಇಳಿದು ಪರ್ಷಿಯಾದ ದೊರೆ ಷಾನನ್ನು ಕಾಣಲು ಹೋದ ಜಾನ್ ಮಾಲ್ಕಮ್, ಮೂರೇ ವರ್ಷದಲ್ಲಿ ಮೈಸೂರಿಗೆ ರೆಸಿಡೆಂಟಾಗಿ ನೇಮಕವಾದ. 1873ರವರೆಗೆ ತಮ್ಮ ಮೇಲಧಿಕಾರಿ ಬೊಂಬಾಯಿ ಸರಕಾರ. ಧಾರವಾಡ, ಬೆಳಗಾವಿ, ಕಾರವಾರದ ರೈತರಿಗೆ ಕಂದಾಯದ ಹುಕುಂ ಬರುತ್ತಿದ್ದುದೂ ಅಲ್ಲಿಂದಲೇ. 1856ರ ಡಿಸೆಂಬರಿನಲ್ಲಿ ಬುಶೆಹರನ್ನು ಮೊದಲ ಬಾರಿ ಹಿಡಿದದ್ದು ಬೊಂಬಾಯಿಯಿಂದ ಹೊರಟ ದಂಡು. ಹೀಗಾಗಿ ನಾವಿಬ್ಬರೂ ಒಂದೇ ದಫ್ತರದವರು. ತಾವು ಮೇಜಿನ ಆ ಕಡೆ, ನಾವು ಈ ಕಡೆ, ಅಷ್ಟೆ.

ಮೊದಲು ತಮ್ಮ ಆಡಳಿತ ಕೌಶಲವನ್ನು ಹೊಗಳಬೇಕು. ಒಂದು ಜಿಲ್ಲೆಯನ್ನು ಆಳದೆಯೇ ಆಳುವುದು ಹೇಗೆಂದು ತಮ್ಮಿಂದ ಕಲಿಯಬೇಕು. ಹಡಗಿನಿಂದ ಇಳಿದವನನ್ನು ಕ್ವಾರಂಟೈನಿನಲ್ಲಿ ಕೂರಿಸುವ ವೈದ್ಯ ತಮ್ಮ ರೆಸಿಡೆನ್ಸಿಯವನು. 1864ರಿಂದ ಸಮುದ್ರದಡಿಯ ತಂತಿ ತಮ್ಮದು, ಅಂಚೆಕಚೇರಿ ಇಂಡಿಯಾದ್ದು. ಸುಂಕದ ಕಟ್ಟೆಯ ಮೇಲೆ ಬೆಲ್ಜಿಯಂನವರು, 1911ರ ನಂತರ ಗೆಂಡಾರ್ಮರಿ ಎಂಬ ಸಶಸ್ತ್ರ ಪೊಲೀಸಿನಲ್ಲಿ ಸ್ವೀಡನ್ನಿನವರು, ಉತ್ತರದ ಕೊಸ್ಸಾಕ್ ದಳದಲ್ಲಿ ರಷ್ಯನ್ನರು. ಪಾರಸಿಯವನ ಪಾಲಿಗೆ ಉಳಿದದ್ದು ಗವರ್ನರನ ಕುರ್ಚಿ ಒಂದೇ. ಅದೂ ಪುಕ್ಕಟೆ ಸಿಗುತ್ತಿರಲಿಲ್ಲ. ನವರೋಜ್ ಹಬ್ಬದ ಹೊತ್ತಿಗೆ ತೆಹರಾನಿಗೆ ಪೇಷ್ಕಷ್ ಎಂಬ ಕಾಣಿಕೆ ಕೊಟ್ಟು ಕೂತವನು, ಮುಂದಿನ ನವರೋಜ್ ಬರುವುದರೊಳಗೆ ಅಸಲು ಬಡ್ಡಿ ಎರಡನ್ನೂ ರೈತರಿಂದ ಕೀಳಬೇಕಿತ್ತು. ಆಗ ಪರ್ಷಿಯಾ ಆಳುತ್ತಿದ್ದ ಕಾಜಾರ್ ದೊರೆಗಳ ಆಡಳಿತವನ್ನು ಹೊಗಳಲು ನಾನು ಈ ಪತ್ರ ಬರೆಯುತ್ತಿಲ್ಲ, ಸಾಹೇಬರೆ. ಅವರು ಮನೆಯ ಬಾಗಿಲು ಮುರಿದವರು. ತಾವು ಮುರಿದ ಬಾಗಿಲಿನ ಕಾವಲಿಗೆ ಕೂಲಿ ಕೇಳಿದವರು.

ಮರ್ಯಾದೆಯ ವಿಷಯದಲ್ಲೂ ತಮ್ಮವರು ಬಲು ಬಿಗಿ. 1903ರಲ್ಲಿ ವೈಸರಾಯ್ ಕರ್ಜನ್ ಸಾಹೇಬರು ಯುದ್ಧನೌಕೆಗಳ ಸಮೇತ ಕೊಲ್ಲಿಯ ಸವಾರಿಗೆ ಹೊರಟರು. ಫಾರ್ಸ್ ಪ್ರಾಂತದ ಗವರ್ನರ್ ಶಿರಾಜಿನಿಂದ ಘಾಟಿ ಇಳಿದು ಸ್ವಾಗತಕ್ಕೆ ಬಂದು ನಿಂತ. ಯಾರು ಮೊದಲು ಯಾರನ್ನು ಕಾಣಬೇಕು ಎಂಬಲ್ಲಿ ಮಾತು ಸಿಕ್ಕಿಬಿತ್ತು. ಬೀಗರು ಮದುವೆಮನೆಯ ಹೊಸಿಲಲ್ಲಿ ಕಾಲಿಗೆ ನೀರು ಕೊಡಲಿಲ್ಲವೆಂದು ನಿಂತುಬಿಡುತ್ತಾರಲ್ಲ, ಹಾಗೆ. ಕೊನೆಗೆ ವೈಸರಾಯ್ ಬುಶೆಹರಿನಲ್ಲಿ ಇಳಿಯಲೇ ಇಲ್ಲ, ಹಡಗು ಹಾಗೇ ಹೋಯಿತು. ಇಷ್ಟೊಂದು ಅಭಿಮಾನವಿದ್ದವರು ನಾಲ್ಕು ವರ್ಷದ ನಂತರ, 1907ರ ಆಗಸ್ಟ್ 31ರಂದು, ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ರಷ್ಯನ್ನರ ಜೊತೆ ಕೂತು ಆ ದೇಶದ ನಕ್ಷೆಯ ಮೇಲೆ ಗೆರೆ ಎಳೆದರು. ದೇಶದವರನ್ನು ಒಂದು ಮಾತು ಕೇಳಲಿಲ್ಲ. ಒಪ್ಪಂದದ ಮೊದಲ ಸಾಲುಗಳಲ್ಲೇ ಪರ್ಷಿಯಾದ ಸ್ವಾತಂತ್ರ್ಯವನ್ನು, ಅಖಂಡತೆಯನ್ನು ಗೌರವಿಸುತ್ತೇವೆಂಬ ಭರವಸೆ ಇತ್ತು. ಗೆರೆಗಳು ಅದರ ಕೆಳಗೆ. ಇನ್ನೂ ತಮಾಷೆಯೆಂದರೆ, ತಾವು ನೂರಕ್ಕೂ ಹೆಚ್ಚು ವರ್ಷ ಬೇರು ಬಿಟ್ಟಿದ್ದ ಬುಶೆಹರ್ ತಮ್ಮ ವಲಯಕ್ಕೆ ಬರಲೇ ಇಲ್ಲ. ತಮ್ಮ ಗೆರೆ ಬಂದರ್ ಅಬ್ಬಾಸಿಗೇ ನಿಂತಿತು, ಬುಶೆಹರ್ ‘ತಟಸ್ಥ’ವಾಯಿತು. ತಟಸ್ಥ ಅಂದರೆ ತಟದಲ್ಲಿ ನಿಂತವನು. ಬಂದರಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ.

ಈಗ ರಸ್ತೆಯ ವಿಷಯ. ಬುಶೆಹರಿನಿಂದ ಶಿರಾಜಿಗೆ ಹೋಗುವ ಹೇಸರಗತ್ತೆಯ ದಾರಿ ಬೊರಾಜ್‌ಜಾನ್ ದಾಟಿದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಬೆಟ್ಟ ಏರುತ್ತದೆ. ಕಾಜೆರೂನ್ ಆದಮೇಲೆ ಹುಡುಗಿ ಘಾಟಿ, ಅದರಾಚೆ ಮುದುಕಿ ಘಾಟಿ. ಹೆಸರಿಟ್ಟವನು ಆ ಏರನ್ನು ಕಾಲ್ನಡಿಗೆಯಲ್ಲಿ ಹತ್ತಿದವನೇ ಇರಬೇಕು, ಹತ್ತುವಷ್ಟರಲ್ಲಿ ವಯಸ್ಸಾಗುತ್ತದೆ. ದಾರಿಯುದ್ದಕ್ಕೂ ಆಯಾ ಖಾನನ ಬಂದೂಕಿನವರು ಕೂತಿರುತ್ತಿದ್ದರು. ಅವರಿಗೆ ರಾಹ್‌ದಾರ್ ಎಂದು ಹೆಸರು, ಅವರು ತೆಗೆದುಕೊಳ್ಳುವ ಸುಂಕಕ್ಕೆ ರಾಹ್‌ದಾರಿ. ನಮ್ಮಲ್ಲಿ ರಹದಾರಿ ಅಂದರೆ ಬಸ್ಸಿನ ಪರ್ಮಿಟ್ಟು. ಪದ ಪ್ರಯಾಣ ಮಾಡಿದರೂ ಗುಣ ಬಿಡಲಿಲ್ಲ. ಕಾವಲು ಕಾಯುವವನೂ ಅವನೇ, ಹಣ ಕೊಡದಿದ್ದರೆ ದೋಚುವವನೂ ಅವನೇ.

ಇದನ್ನು ಕಂಡು ತಾವು ಕನಲಿ, 1910ರ ಅಕ್ಟೋಬರಿನಲ್ಲಿ ತಮ್ಮ ಸರಕಾರದಿಂದ ತೆಹರಾನಿಗೆ ಒಂದು ನೋಟೀಸು ಕೊಡಿಸಿದಿರಿ. ಮೂರು ತಿಂಗಳಲ್ಲಿ ದಕ್ಷಿಣದ ದಾರಿಗಳು ಸರಿಯಾಗಬೇಕು, ಇಲ್ಲದಿದ್ದರೆ ಇಂಡಿಯನ್ ಸೇನೆಯ ಬ್ರಿಟಿಷ್ ಅಧಿಕಾರಿಗಳ ಕೈಕೆಳಗೆ ಹೊಸ ಪಡೆ ಕಟ್ಟುತ್ತೇವೆ, ಅದರ ಖರ್ಚಿಗೆ ದಕ್ಷಿಣದ ಬಂದರುಗಳ ಸುಂಕದ ಮೇಲೆ ಶೇ. 10 ಹೆಚ್ಚುವರಿ ಹಾಕುತ್ತೇವೆ, ಎಂದು. ಅಂದರೆ ಘಾಟಿಯಲ್ಲಿ ಕೊಡುತ್ತಿದ್ದ ರಾಹ್‌ದಾರಿಯನ್ನು ಬಂದರಿನಲ್ಲೇ ಕೊಟ್ಟುಬಿಡಿ, ರಸೀದಿಯೂ ಸಿಗುತ್ತದೆ. ಯೋಜನೆ ಆಗ ನಡೆಯಲಿಲ್ಲ, ಆದರೆ ಲೆಕ್ಕಾಚಾರದ ಸೊಗಸಿಗೆ ತಲೆದೂಗಬೇಕು.

ಎಣ್ಣೆಯ ಕಡೆ ಇನ್ನೂ ಸೊಗಸು. 1905ರಲ್ಲಿ ಎಣ್ಣೆ ಹುಡುಕುವವರು ಬಖ್ತಿಯಾರಿ ಬುಡಕಟ್ಟಿನ ಖಾನರ ಜೊತೆ ಕರಾರು ಮಾಡಿಕೊಂಡರು. ಕಾವಲಿಗೆ ವರ್ಷಕ್ಕೆ 2,000 ಪೌಂಡ್, ಜೊತೆಗೆ ಎಣ್ಣೆ ಕಂಪನಿಯ ಷೇರಿನಲ್ಲಿ ಶೇ. 3 ಪಾಲು. ಕಾವಲು ಯಾರಿಂದ? ಬಹುಪಾಲು ಬಖ್ತಿಯಾರಿಗಳಿಂದಲೇ. ಹಣದ ತಕರಾರು ಎದ್ದಾಗಲೆಲ್ಲ ಅಪಾಯವೂ ಏಳುತ್ತಿತ್ತು. 1907ರ ಕೊನೆಗೆ ಕಾವಲುಗಾರರ ಮೇಲೆ ಕಾವಲಿಗೆಂದು ಬಂಗಾಲ ಲ್ಯಾನ್ಸರ್ಸ್‌ನ ಇಪ್ಪತ್ತು ಜನ ಸವಾರರನ್ನು ಆರ್ನಾಲ್ಡ್ ವಿಲ್ಸನ್ ಎಂಬ ತರುಣ ಲೆಫ್ಟಿನೆಂಟನ ಜೊತೆ ಕಳಿಸಿದಿರಿ. ಮರುವರ್ಷ ಮೇ ತಿಂಗಳಲ್ಲಿ ಮಸ್ಜಿದ್ ಸುಲೇಮಾನಿನಲ್ಲಿ ಎಣ್ಣೆ ಚಿಮ್ಮಿತು. 1909ರಲ್ಲಿ ಬುಶೆಹರಿನ ರೆಸಿಡೆಂಟ್ ಪರ್ಸಿ ಕಾಕ್ಸ್ ಅವರೇ ಮೊಹಮ್ಮರಾದ ಶೇಖ್ ಖಜಲನ ಜೊತೆ ಕೂತು ಎಣ್ಣೆಯವರಿಗೆ ಬೇಕಿದ್ದ ಅಬಾದಾನಿನ ಜಾಗಕ್ಕೆ ವರ್ಷಕ್ಕೆ 650 ಪೌಂಡ್ ಬಾಡಿಗೆ ಕುದುರಿಸಿದರು, ಮೇಲೆ 10,000 ಪೌಂಡ್ ಸಾಲ. ಶೇಖ್ ಷಾನ ಪ್ರಜೆ. ಷಾನ ಸರಕಾರಕ್ಕೆ ಈ ಮಾತುಕತೆಯಲ್ಲಿ ಕುರ್ಚಿ ಹಾಕಿರಲಿಲ್ಲ.

ಇಂಥ ಸಂದಾಯವನ್ನು ನಮ್ಮ ಕಡೆ ‘ಮಾಮೂಲು’ ಎನ್ನುತ್ತೇವೆ. ತಮ್ಮ ದಾಖಲೆಗಳಲ್ಲಿ ಅದಕ್ಕೆ ಸಬ್ಸಿಡಿ ಎಂದಿದೆ. ಇಲ್ಲಿ ಒಂದು ವಿಷಯ ಅರಿಕೆ ಮಾಡಬೇಕು. ಇರಾನಿನ ಇಂದಿನ ಮಾತಿನಲ್ಲಿ ಬಂದೋಬಸ್ತ್ ಅಂದರೆ ಪೊಲೀಸ್ ಕಾವಲಲ್ಲ. ಒಳಗೊಳಗೇ ಮಾಡಿಕೊಂಡ ಹೊಂದಾಣಿಕೆ, ಶಾಮೀಲು. ನಮ್ಮ ಅರ್ಥ ಒಂದು, ಅವರ ಅರ್ಥ ಇನ್ನೊಂದು ಎಂದು ಮೊದಲು ನನಗೆ ವಿಚಿತ್ರವೆನಿಸಿತ್ತು. ತಮ್ಮ ಕಡತಗಳ ಕಥೆ ಓದಿದ ಮೇಲೆ ಎರಡೂ ಒಂದೇ ಅರ್ಥ ಎಂದು ತಿಳಿಯಿತು.

1915ಕ್ಕೆ ಬರೋಣ. ಪರ್ಷಿಯಾ ಮಹಾಯುದ್ಧದಲ್ಲಿ ತಟಸ್ಥ ಎಂದು ಸಾರಿ ಕೆಲವು ತಿಂಗಳಾಗಿತ್ತು. ಮಾರ್ಚಿನಲ್ಲಿ ತಾವು ಬುಶೆಹರಿನಲ್ಲೇ ಜರ್ಮನ್ ಕಾನ್ಸಲನನ್ನು ದಸ್ತಗಿರಿ ಮಾಡಿದಿರಿ. ಪದ ಅವರದು, ನೆಲ ಅವರದು, ಕೈ ಮಾತ್ರ ತಮ್ಮದು. ಜುಲೈ 12ರಂದು ನೆರೆಯ ತಂಗಿಸ್ತಾನದ ಜನ ಬುಶೆಹರಿನ ಹೊರವಲಯದ ಮೇಲೆ ಬಿದ್ದರು. ತಮ್ಮ ಇಬ್ಬರು ಅಧಿಕಾರಿಗಳು ಸತ್ತರು. ಆಗಸ್ಟ್ 8ಕ್ಕೆ ಊರನ್ನೇ ವಶಪಡಿಸಿಕೊಂಡಿರಿ.

ಆ ದಿನಗಳ ಒಂದು ಅಂಚೆಚೀಟಿಯನ್ನು ಹವ್ಯಾಸಿ ಗೆಳೆಯರೊಬ್ಬರ ಆಲ್ಬಮ್ಮಿನಲ್ಲಿ ನೋಡಿದೆ. ಚಿಮಟದಲ್ಲಿ ಎತ್ತಿ ಬೆಳಕಿಗೆ ಹಿಡಿದರು. ಪರ್ಷಿಯಾದ್ದೇ ಚೀಟಿ, ನಡುವೆ ಅಹಮದ್ ಷಾ. ಹನ್ನೊಂದನೆಯ ವಯಸ್ಸಿಗೆ ಪಟ್ಟಕ್ಕೆ ಬಂದ ಹುಡುಗ, ಕೆನ್ನೆ ಇನ್ನೂ ತುಂಬಿಕೊಂಡಿದೆ. ಅವನ ಮುಖದ ಮೇಲೆ ಕಪ್ಪು ಶಾಯಿಯ ಮೂರು ಸಾಲು ಇಂಗ್ಲಿಷು: ಬುಶೈರ್, ಅಂಡರ್ ಬ್ರಿಟಿಷ್, ಆಕ್ಯುಪೇಶನ್. ಹೊಸ ಚೀಟಿ ಅಚ್ಚು ಹಾಕಿಸುವಷ್ಟು ವ್ಯವಧಾನ ತಮಗಿರಲಿಲ್ಲ, ಇದ್ದ ರಾಜನ ಮೇಲೆಯೇ ಬರೆದಿರಿ. ಕೆಲವು ಚೀಟಿಗಳಲ್ಲಿ ಕೊನೆಯ ಪೂರ್ಣವಿರಾಮ ಬಿದ್ದುಹೋಗಿದೆ, ಅಂಥವಕ್ಕೆ ಬೆಲೆ ಜಾಸ್ತಿ ಎಂದು ಗೆಳೆಯರು ಹೇಳಿದರು.

ಆಗಸ್ಟಿನ ನಡುವೆ ತಮ್ಮ ನೌಕೆಗಳು ದೆಲ್ವಾರಿನ ಮೇಲೆ ಗುಂಡು ಸುರಿಸಿದವು. ತಂಗಿಸ್ತಾನದ ಮುಂದಾಳು ರಯೀಸ್ ಅಲಿ ದೆಲ್ವಾರಿಯ ಊರು ಅದು. ಕೋಟೆ ಹೋಯಿತು, ಖರ್ಜೂರದ ತೋಟವನ್ನೂ ಬಿಡಲಿಲ್ಲ. ಖರ್ಜೂರದ ಗಿಡ ನೆಟ್ಟವನು ಹಣ್ಣಿಗೆ ವರ್ಷಗಟ್ಟಲೆ ಕಾಯಬೇಕು, ತೆಂಗು ಅಡಕೆ ಬೆಳೆಯುವ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸೆಪ್ಟೆಂಬರಿನ ಆರಂಭದಲ್ಲಿ ರಯೀಸ್ ಅಲಿ ತನ್ನ ಕಡೆಯವನೇ ಒಬ್ಬನ ಗುಂಡಿಗೆ ಬಿದ್ದ. ಅಕ್ಟೋಬರಿನಲ್ಲಿ ತಾವು ಬುಶೆಹರನ್ನು ಷಾನ ಗವರ್ನರನಿಗೆ ಒಪ್ಪಿಸಿ, ಎಲ್ಲ ಸರಿಯಾಯಿತೆಂದು ಬರೆದುಕೊಂಡಿರಿ.

ಸರಿಯಾದದ್ದು ಹೀಗೆ. ನವೆಂಬರಿನಲ್ಲಿ ಶಿರಾಜಿನ ತಮ್ಮ ಕಾನ್ಸಲ್ ಓಕಾನರ್ ಅವರನ್ನು ಹಿಡಿದು ತಂಗಿಸ್ತಾನದ ಅಹ್ರಮಿಗೆ ಸಾಗಿಸಿದರು. ಹಿಡಿದವರು ದರೋಡೆಕೋರರಲ್ಲ, ದಾರಿ ಕಾಯುವ ಗೆಂಡಾರ್ಮರಿಯವರೇ. ಫಾರ್ಸ್ ಗೆಂಡಾರ್ಮರಿಯ ಸಂಬಳಕ್ಕೆ ಮುಂಗಡ ಕೊಟ್ಟವರ ಪಟ್ಟಿಯಲ್ಲಿ ತಮ್ಮ ಸರಕಾರವೂ ಇತ್ತು.

ಆಮೇಲಿನದು ಬೇಗ ಹೇಳುತ್ತೇನೆ. 1916ರಲ್ಲಿ ಪರ್ಸಿ ಸೈಕ್ಸ್ ಬಂದರ್ ಅಬ್ಬಾಸಿನಲ್ಲಿ ಇಳಿದು ಸೌತ್ ಪರ್ಷಿಯಾ ರೈಫಲ್ಸ್ ಕಟ್ಟಿದರು. ಸಿಪಾಯಿಗಳು ಪಾರಸಿಯವರು, ಅಧಿಕಾರ ಬ್ರಿಟಿಷರದು, ಖರ್ಚಿನಲ್ಲಿ ಇಂಡಿಯಾದ ಖಜಾನೆಯ ಪಾಲೂ ಇತ್ತು. ತೆಹರಾನ್ ಒಮ್ಮೆ ಒಪ್ಪಿತು, ಮತ್ತೊಮ್ಮೆ ಇದು ಪರದೇಶದ ಪಡೆ ಎಂದು ತಿರಸ್ಕರಿಸಿತು. 1918ರಲ್ಲಿ ಕಷ್ಕಾಯಿ ಬುಡಕಟ್ಟಿನವರು ತಿರುಗಿಬಿದ್ದರು, ರೈಫಲ್ಸಿನೊಳಗೇ ದಂಗೆಯಾಯಿತು. ಅದೇ ವರ್ಷ ಇನ್‌ಫ್ಲುಯೆಂಜಾ ಶಿರಾಜಿಗೆ ನುಗ್ಗಿತು, ಅದನ್ನು ತಡೆಯುವ ಚೌಕಿ ಯಾವ ಘಾಟಿಯಲ್ಲೂ ಇರಲಿಲ್ಲ. 1921ರಲ್ಲಿ ರೈಫಲ್ಸನ್ನು ವಿಸರ್ಜಿಸಿದಿರಿ.

ನನ್ನ ಬಿನ್ನಹ ಇಷ್ಟೇ. ಖಾನರಿಗೆ, ಶೇಖರಿಗೆ, ಗೆಂಡಾರ್ಮರಿಗೆ, ರೈಫಲ್ಸಿಗೆ ಕೊಟ್ಟ ಹಣಕ್ಕೆಲ್ಲ ತಾವು ಲೆಕ್ಕ ಇಟ್ಟಿದ್ದೀರಿ. ದೆಲ್ವಾರಿನಲ್ಲಿ ಉರುಳಿದ ಖರ್ಜೂರದ ಮರಗಳಿಗೂ ಒಂದು ಲೆಕ್ಕವಿದ್ದರೆ ದಯವಿಟ್ಟು ಅದನ್ನು ಊರಿಗೆ ಕಳಿಸಿ. ವಿಳಾಸ ಸುಲಭ, ರಯೀಸ್ ಅಲಿಯ ಮನೆ ಈಗ ಮ್ಯೂಸಿಯಂ. ಚೀಟಿ ಹಚ್ಚುವಾಗ ಮಾತ್ರ ಜೋಪಾನ. ಬುಶೆಹರಿನ ಇಂಡಿಯನ್ ಅಂಚೆಕಚೇರಿ 1923ರಲ್ಲೇ ಮುಚ್ಚಿದೆ.

ಇಂತಿ ತಮ್ಮ ದಫ್ತರದ ಹಳೆಯ ಕಂದಾಯದಾರರ ಪರವಾಗಿ,
ಒಬ್ಬ ಅರ್ಜಿದಾರ