ಹತ್ತರ ಜೊತೆ ಹನ್ನೊಂದು

ಬೆಳಿಗ್ಗೆ ಕಾಂಪೌಂಡ್ ಪಕ್ಕ ದಾಸವಾಳ ಕೀಳ್ತಾ ನಿಂತಿದ್ದೆ. ನಮ್ಮ ಗಿಡದ ಕರಿಬೇವಿಗೆ ಅಂತ ಆಚೆಯಿಂದ ಕೈ ಚಾಚಿದ ಪಕ್ಕದ ಮನೆಯಾಕೆ, ಕರಿಬೇವು ಮರೆತು ಗೋಡೆ ಮೇಲೆ ಮೊಳಕೈ ಊರಿದರು. ಅವರು ಮೊಳಕೈ ಊರಿದರು ಅಂದ್ರೆ ಅರ್ಧ ಗಂಟೆ ಅಂತ ಲೆಕ್ಕ. ಒಲೆ ಮೇಲೆ ಏನಿಟ್ಟು ಬಂದಿದ್ದರೋ ದೇವರೇ ಬಲ್ಲ.

"ನೋಡ್ರೀ, ಇರೋ ಓದೇ ಕುತ್ತಿಗೆಗೆ ಬಂದಿದೆ ನಮ್ಮನೆ ಕೂಸಿಗೆ. ಅದರ ಮೇಲೆ ಅದಕ್ಕೀಗ ಜರ್ಮನ್ ಬೇಕಡ!"

ಶಿರಸಿ ಕಡೆಯವರು. ಮೈಸೂರಿಗೆ ಬಂದು ಇಪ್ಪತ್ತು ವರ್ಷ ಆಯ್ತು, ನಮ್ಮ ಜೊತೆ ನಮ್ಮ ಥರಾನೇ ಮಾತಾಡ್ತಾರೆ, ಆದರೆ ಮಗಳ ಮೇಲೆ ಸಿಟ್ಟು ಬಂದಾಗ ಮಾತ್ರ ಬಾಯಿ ನೇರ ಘಟ್ಟಕ್ಕೆ ಹೋಗಿಬಿಡತ್ತೆ. ಆ 'ಕೂಸು' ಈಗ ಮೆಕ್ಯಾನಿಕಲ್ ಇಂಜಿನಿಯರಿಂಗಿನ ಆರನೇ ಸೆಮಿಸ್ಟರ್. ಐದಡಿ ಏಳಂಗುಲ ಇದೆ ಕೂಸು. ಗೋಡೆಯಾಚೆ ನಿಂತು ನಮ್ಮನೆ ಮಾವಿನಕಾಯಿ ಎಣಿಸಬಲ್ಲದು.

ಆ ವಿ.ಟಿ.ಯು. ಕೋರ್ಸು ಹೇಗಿರತ್ತೆ ಅಂತ ನಿಮಗೆ ನಾನೇನು ಹೇಳೋದು. ಮನೆಗೊಬ್ಬ ಇಂಜಿನಿಯರ್ ಇರೋ ರಾಜ್ಯ ನಮ್ಮದು. ಬೆಳಿಗ್ಗೆ ಪಾಠ, ಮಧ್ಯಾಹ್ನ ಲ್ಯಾಬು, ರಾತ್ರಿ ರೆಕಾರ್ಡು, ನಡುವೆ ಇಂಟರ್ನಲ್ಸು, ಆರನೇ ಸೆಮ್ಮಿಗೆ ಪ್ರಾಜೆಕ್ಟಿನ ಮೊದಲ ಕಂತು ಬೇರೆ. ಹಾಜರಿ ನೂರಕ್ಕೆ 85 ಇರಲೇಬೇಕು. ಸಾಲದ್ದಕ್ಕೆ ನಾಲ್ಕು ವರ್ಷದಲ್ಲಿ 100 ಆಕ್ಟಿವಿಟಿ ಪಾಯಿಂಟು ಅಂತ ಒಂದಿದೆಯಲ್ಲ, ಅದಕ್ಕಾಗಿ ಈ ಹುಡುಗಿ ಗಿಡ ನೆಡ್ತಾ ಇರೋ ಫೋಟೋವನ್ನ ನಮ್ಮ ತೋಟದಲ್ಲೇ ತೆಗೆದದ್ದು. ಆ ನುಗ್ಗೆ ಗಿಡ ಒಣಗಿಹೋಯ್ತು, ಪಾಯಿಂಟು ಉಳೀತು.

ಕ್ರೆಡಿಟ್ ಅನ್ನೋ ಪದ ನನಗೆ ಅರ್ಥ ಆಗೋಕೇ ಒಂದು ಸೆಮಿಸ್ಟರ್ ಹಿಡೀತು. ನಮಗೆ ಗೊತ್ತಿದ್ದದ್ದು ಶೆಟ್ಟರ ಅಂಗಡಿಯ ಉದ್ರಿ. 'ಇಂದು ನಗದು, ನಾಳೆ ಉದ್ರಿ' ಅಂತ ಬೋರ್ಡು ಹಾಕ್ತಿದ್ರಲ್ಲ, ಅದು. ಇಲ್ಲಿ ವಾರಕ್ಕೊಂದು ಗಂಟೆ ಪಾಠಕ್ಕೆ ಒಂದು ಕ್ರೆಡಿಟ್ಟು, ಪ್ರಾಕ್ಟಿಕಲ್ ಆದ್ರೆ ಎರಡು ಗಂಟೆಗೆ ಒಂದು. ನಾಲ್ಕು ವರ್ಷಕ್ಕೆ 160, ಅಂದ್ರೆ ಸೆಮಿಸ್ಟರಿಗೆ ಸರಾಸರಿ 20. ಆನರ್ಸು, ಮೈನರ್ ಡಿಗ್ರಿ ಅಂತ ಕೊಂಬು ಬೇಕಿದ್ದೋರು ಅದರ ಮೇಲೆ ಇನ್ನೂ ಹದಿನೆಂಟೋ ಇಪ್ಪತ್ತೋ ಹೊರಬೇಕು. ಪ್ರಾಕ್ಟಿಕಲ್ಲಿನ ಗಂಟೆಗೆ ಪಾಠದ ಗಂಟೆಯ ಅರ್ಧ ಬೆಲೆ ಅಂತ ಯಾರು ಕಟ್ಟಿದರೋ! ಮೂರು ಗಂಟೆ ನಿಂತು ಕಾಲು ನೋಯಿಸ್ಕೊಂಡೋರು ಅಲ್ಲವೇ ಅಲ್ಲ, ಕೂತಿದ್ದೋರೇ ಇರಬೇಕು.

ಹುಡುಗಿಗೆ ಜರ್ಮನ್ ಹುಚ್ಚು ಹಿಡಿದದ್ದಕ್ಕೂ ಒಂದು ಕಥೆ ಇದೆ. ಆರನೇ ಸೆಮ್ಮಿನಲ್ಲಿ ಓಪನ್ ಎಲೆಕ್ಟಿವ್ ಅಂತ ಬರತ್ತೆ. ಬೇರೆ ವಿಭಾಗದ ಒಂದು ವಿಷಯವನ್ನ ನಿಮ್ಮಿಷ್ಟದಂತೆ ಆರಿಸ್ಕೊಳ್ಳಿ ಅಂತ. ಆರಿಸ್ಕೊಳ್ಳೋದಕ್ಕೆ ನಿಯಮಗಳ ಬೇಲಿ ಬೇರೆ: ಹಿಂದೆ ಓದಿದ್ದಾಗಬಾರದು, ಮುಂದೆ ಓದೋದೂ ಆಗಬಾರದು, ನಿಮ್ಮ ವಿಭಾಗದ ವಿಷಯದ ಥರ ಕಾಣಲೂಬಾರದು. ಎಲ್ಲ ದಾಟಿ ಈ ಹುಡುಗಿ ಒಂದನ್ನ ಆರಿಸಿದಳು. ಆದರೆ ಕನಿಷ್ಠ ಹತ್ತು ಜನ ಸೇರಿದರೇ ಆ ತರಗತಿ ನಡೆಸೋದು ಅಂತ ಇನ್ನೊಂದು ನಿಯಮ. ಸೇರಿದ್ದು ಆರು ಜನ. ಕ್ಯಾಂಟೀನು, ಹಾಸ್ಟೆಲ್ಲು ಎಲ್ಲಾ ಕಡೆ ಓಟು ಕೇಳೋ ಥರ ಕೇಳ್ಕೊಂಡು ಬಂದ್ಲು ಪಾಪ, ಇಬ್ಬರು ಸಿಕ್ಕಿದರು. ಒಟ್ಟು ಎಂಟು. ಇನ್ನಿಬ್ಬರಿಲ್ಲದೆ ಬಾಗಿಲು ಮುಚ್ತು. ಕೊನೆಗೆ ಎಲ್ಲರೂ ತಗೊಂಡಿದ್ದನ್ನೇ ಅವಳೂ ತಗೊಂಡ್ಲು.

ಮದುವೆ ಊಟದಲ್ಲಿ 'ಏನು ಬೇಕೋ ಕೇಳಿ ಹಾಕಿಸ್ಕೊಳ್ಳಿ' ಅಂತ ಉಪಚಾರ ಮಾಡ್ತಾರೆ, ಚಿರೋಟಿ ಕೇಳಿದ್ರೆ ಮುಗೀತು ಅಂತಾರೆ, ಎಲೆ ಮೇಲೆ ಬೇಡದ ಪಲ್ಯ ಇನ್ನೊಂದು ಸೌಟು ಬಿದ್ದಿರತ್ತೆ. ಎಲೆಕ್ಟಿವ್ವೂ ಅದೇ ಅಲ್ವಾ? ಬಿ.ಎಸ್ಸಿ. ಮಕ್ಕಳಿಗೂ 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಓಪನ್ ಎಲೆಕ್ಟಿವ್ ಬಡಿಸಿದರು. ಅದರ ರುಚಿ ನಾಲಿಗೆಗೆ ಹತ್ತೋದರೊಳಗೆ 2024ರಲ್ಲಿ ಪದವಿ ನಾಲ್ಕು ವರ್ಷದಿಂದ ಮತ್ತೆ ಮೂರು ವರ್ಷಕ್ಕೆ ಬಂತು. ಆ ಕಥೆ ಇನ್ನೊಂದು ದಿನ.

ಹಾಗೆ ಮುಖ ಊದಿಸ್ಕೊಂಡು ಕೂತ ಹುಡುಗಿಗೆ ಎನ್‌ಪಿಟಿಇಎಲ್‌ನಲ್ಲಿ ಐಐಟಿಯೋರು ಆನ್‌ಲೈನಿನಲ್ಲಿ ಜರ್ಮನ್ ಹೇಳಿಕೊಡೋದು ಕಣ್ಣಿಗೆ ಬಿತ್ತು. ಹನ್ನೆರಡು ವಾರ. ಸೇರೋಕೆ ದುಡ್ಡಿಲ್ಲ, ಸರ್ಟಿಫಿಕೇಟು ಬೇಕಂದ್ರೆ ಪರೀಕ್ಷೆಗೆ ಸಾವಿರ ರೂಪಾಯಿ. ಇದರಿಂದ ಕಾಲೇಜಿನಲ್ಲಿ ಒಂದು ಕ್ರೆಡಿಟ್ಟೂ ಹುಟ್ಟಲ್ಲ ಅಂತ ಮೊದಲೇ ಹೇಳಿದಾರೆ. ತಾಯಿಗೆ ಉರಿದದ್ದು ಅದಕ್ಕೇನೇ. "ಲೆಕ್ಕಕ್ಕಿಲ್ಲ, ಜಮಕ್ಕಿಲ್ಲ! ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಅಲ್ವೇನ್ರೀ? ನೀವು ಟೀಚರಾಗಿದ್ದೋರು. ಬೇಡ ಅಂತ ನೀವೇ ಹೇಳಿ, ನಿಮ್ಮ ಮಾತಾದ್ರೆ ಕೇಳತ್ತೆ."

ಹೇಳ್ತೀನಿ ಅಂದೆ. ಅನ್ನೋಕೇನು, ಅಂದುಬಿಟ್ಟೆ. ಆದರೆ ಒಳಗೆ ಬಂದು ಹೂವು ಬಿಡಿಸ್ತಾ ಕೂತಾಗ ಮೂಗಿಗೆ ಕೊಳೆತ ಮೊಟ್ಟೆ ವಾಸನೆ ಬಂದ ಹಾಗಾಯ್ತು. ಐವತ್ತು ವರ್ಷದ ಹಳೇ ವಾಸನೆ ಅದು.

ನಾನು ಬಿ.ಎಸ್ಸಿ. ಓದ್ತಿದ್ದಾಗ ಪಿ.ಸಿ.ಎಂ. ಬಿ.ಎ.ಯೋರಿಗೆ ಐಚ್ಛಿಕ ಕನ್ನಡ ಅಂತ ಇತ್ತು, ನಮಗಿರಲಿಲ್ಲ. ಐಚ್ಛಿಕ ಅಂದ್ರೆ ಇಚ್ಛೆ ಇದ್ದೋರಿಗೆ ಅಂತ ತಾನೇ? ಇಚ್ಛೆ ಇದ್ದದ್ದು ನನಗೆ, ವಿಷಯ ಇದ್ದದ್ದು ಅವರಿಗೆ. ಪಂಪನ 'ವಿಕ್ರಮಾರ್ಜುನ ವಿಜಯ' ಪಾಠ ಮಾಡ್ತಿದ್ದ ಮೇಷ್ಟ್ರು ಕರ್ಣನ ಪ್ರಸಂಗಕ್ಕೆ ಬಂದ್ರೆ ಕಾರಿಡಾರಿನಲ್ಲಿ ಹೋಗೋರೂ ನಿಂತುಬಿಡ್ತಿದ್ದರು. ನಾನೂ ಹಾಗೆ ನಿಂತವಳೇ. ಆ ತರಗತಿ ಮಂಗಳವಾರ ನಾಲ್ಕು ಗಂಟೆಗೆ. ನನಗೋ ಮಂಗಳವಾರ ಎರಡರಿಂದ ಐದು ಕೆಮಿಸ್ಟ್ರಿ ಪ್ರಾಕ್ಟಿಕಲ್.

ಸಾಲ್ಟ್ ಅನಾಲಿಸಿಸ್ ಮಾಡಿದೋರಿಗೆ ಗೊತ್ತಿರತ್ತೆ. ಕಿಪ್ಸ್ ಅಪರೇಟಸ್ ಅಂತ ಮೂಲೆಯಲ್ಲಿ ಒಂದು ಗಾಜಿನ ಭೂತ, ಅದರಿಂದ ಹೈಡ್ರೋಜನ್ ಸಲ್ಫೈಡು. ಎರಡನೇ ಗುಂಪಿನ ಲೋಹ ಹಿಡಿಯೋಕೆ ಅದನ್ನ ಹಾಯಿಸಲೇಬೇಕು. ನಾನು ಮೂರು ಗಂಟೆ ಕೆಲಸವನ್ನ ಎರಡೇ ಗಂಟೆಯಲ್ಲಿ ಮುಗಿಸಿ, ಅಟೆಂಡರ್‌ಗೆ ಕೈ ಮುಗಿದು, ಹಿಂದಿನ ಬಾಗಿಲಿಂದ ಜಾರಿ ಪಂಪನ ತರಗತಿಯ ಕೊನೇ ಬೆಂಚಲ್ಲಿ ಕೂರ್ತಿದ್ದೆ. ಮೊದಲ ದಿನವೇ ಮೇಷ್ಟ್ರು ಪದ್ಯದ ಮಧ್ಯೆ ನಿಲ್ಲಿಸಿ ಮೂಗು ಅರಳಿಸಿದರು. "ಯಾರಮ್ಮ ಅದು, ಕೊಳೆತ ಮೊಟ್ಟೆ ಇಟ್ಕೊಂಡಿರೋದು?" ಎದ್ದು ನಿಂತೆ. ಯಾವ ಕ್ಲಾಸು ಅಂದರು. ಬಿ.ಎಸ್ಸಿ. ಅಂದೆ. ಇಡೀ ತರಗತಿ ನಕ್ಕಿತು. ಅವರು ನಗಲಿಲ್ಲ. "ಕಿಟಕಿ ಪಕ್ಕ ಕೂತ್ಕೋ" ಅಂದರು, ಅಷ್ಟೇ. ವರ್ಷವಿಡೀ ಆ ಕಿಟಕಿ ಪಕ್ಕದ ಜಾಗ ನನಗೇ ಅಂತ ಆಯ್ತು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದವಳಿಗೆ ಖಾಯಂ ಸೀಟು!

ಪುಕ್ಕಟೆ ಏನೂ ಬರಲಿಲ್ಲ ಅನ್ನಿ. ವರ್ಷದ ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ, ಅದೇ ಆತುರದ ಅಭ್ಯಾಸಕ್ಕೆ, ಹಳದಿ ಗಸಿ ಕಂಡ ಕೂಡಲೇ ಕ್ಯಾಡ್ಮಿಯಂ ಅಂತ ಬರೆದು ಎದ್ದು ಬಂದೆ, ಖಚಿತ ಮಾಡ್ಕೊಳ್ಳೋ ಪರೀಕ್ಷೆಯನ್ನೇ ಮಾಡಲಿಲ್ಲ. ಅದು ತವರ ಆಗಿತ್ತು. ಫಸ್ಟ್ ಕ್ಲಾಸು ಆರು ಮಾರ್ಕಿಗೆ ತಪ್ಪಿತು. ನಮ್ಮಪ್ಪನಿಗೆ ಕಾರಣ ಕೊನೆಯವರೆಗೂ ಗೊತ್ತಾಗಲಿಲ್ಲ, ಅವರು ಹೋಗಿ ಹದಿನೆಂಟು ವರ್ಷ ಆಯ್ತು. ಆಮೇಲೆ ಮೂವತ್ತು ವರ್ಷ ಹೈಸ್ಕೂಲಲ್ಲಿ ವಿಜ್ಞಾನ ಕಲಿಸಿದೆ. ಆ ಆರು ಮಾರ್ಕನ್ನ ಯಾರೂ ಕೇಳಲಿಲ್ಲ. ಅಂಥವಳು ಈ ಹುಡುಗಿಗೆ ಬುದ್ಧಿ ಹೇಳಬೇಕಂತೆ!

ಸಂಜೆ ಹುಡುಗಿ ತಾನೇ ಗೋಡೆ ಹತ್ತಿರ ಬಂತು. 'ಬಂತು' ಅಂದೆ ನೋಡಿ, ನನಗೂ ಅಂಟಿದೆ ಆ ರೋಗ. ಬಂದವಳೇ, "ಆಂಟಿ, ಜರ್ಮನ್ನಲ್ಲಿ ಹುಡುಗಿ ಏನು ಗೊತ್ತಾ? ಹೆಣ್ಣಲ್ಲ! 'ದಾಸ್ ಮೇಡ್‌ಷೆನ್' ಅಂತ, ನಪುಂಸಕಲಿಂಗ!" ಅಂದ್ಲು. ಪದದ ಕೊನೆಗೆ ಆ 'ಷೆನ್' ಬಂದ್ರೆ 'ಪುಟ್ಟದು' ಅಂತ ಅರ್ಥವಂತೆ. ಪುಟ್ಟದಾದದ್ದೆಲ್ಲ 'ಅದು'. ಸೂರ್ಯ ಅವರಿಗೆ ಹೆಂಗಸು, ಚಂದ್ರ ಗಂಡಸು. ಊಟದ ಮೇಜಿನ ಮೇಲಂತೂ ಇಡೀ ಸಂಸಾರವೇ ಇದೆ: ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ಎರಡೂ ಅಲ್ಲ. ಗಂಡ ಹೆಂಡತಿ ನಡುವೆ ಚಾಕು ಯಾಕೆ ಬಂತೋ.

ಅಷ್ಟರಲ್ಲಿ ಒಳಗಿಂದ ಬಂದ ತಾಯಿಗೆ ಇದು ಕಿವಿಗೆ ಬಿತ್ತು. ಮುಖ ಅರಳಿದ್ದನ್ನ ನೀವು ನೋಡಬೇಕಿತ್ತು. ನಾವೆಲ್ಲ ಇಷ್ಟು ವರ್ಷ "ಮಗಳನ್ನ 'ಅದು' ಅಂತೀರಲ್ಲ, ಹೆಣ್ಣುಮಕ್ಕಳೇನು ಕಲ್ಲಾ ಮಣ್ಣಾ" ಅಂತ ಅವರನ್ನ ಆಡಿಕೊಂಡಿದ್ದೇ ಆಡಿಕೊಂಡಿದ್ದು. ಹವ್ಯಕರ ಮಾತಲ್ಲಿ ಮಾಣಿ 'ಅವ', ಕೂಸು 'ಅದು'. ಹೆಂಗಸರಿಗೆ ವಯಸ್ಸಾದರೂ 'ಅದು' ತಪ್ಪಲ್ಲ. ಈಗ ಜರ್ಮನಿಯೇ ಅವರ ಪಕ್ಷಕ್ಕೆ ಬಂದುಬಿಡ್ತು. "ನಾ ಹೇಳ್ತಾ ಇರ್ಲಿಲ್ವಾ?" ಅಂದರು. ಏನು ಹೇಳ್ತಾ ಇದ್ದರು ಅಂತ ನಾನು ಕೇಳೋಕೆ ಹೋಗಲಿಲ್ಲ.

ಸಮಯ ನೋಡಿ ಕಿಟೆಲ್ ಕಥೆ ತೆಗೆದೆ. ಜರ್ಮನಿಯ ಪಾದ್ರಿ, 1853ರಲ್ಲಿ ನಮ್ಮ ಕಡೆ ಬಂದದ್ದು ಧರ್ಮಪ್ರಚಾರಕ್ಕೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು, ಸಾವಿರದ ಏಳುನೂರು ಪುಟದ ಮೇಲೆ. ಅದಕ್ಕೂ ಮೊದಲು 1843ರಲ್ಲಿ 'ಮಂಗಳೂರು ಸಮಾಚಾರ' ಅಂತ ಕನ್ನಡದ ಮೊದಲ ಪತ್ರಿಕೆ ತೆಗೆದ ಮೋಗ್ಲಿಂಗೂ ಆ ದೇಶದೋರೇ. ಪ್ರಚಾರ ಎಷ್ಟು ಫಲ ಕೊಟ್ಟಿತೋ ಬಿಡಿ, ಇವತ್ತಿಗೂ ಪದದ ಮೇಲೆ ಜಗಳ ಬಿದ್ದರೆ ಕಿಟೆಲ್ ಏನಂತಾನೆ ನೋಡು ಅಂತೀವಿ. ತಾಯಿ ಸ್ವಲ್ಪ ಹೊತ್ತು ಯೋಚನೆ ಮಾಡಿ, "ಹಾಗಾದ್ರೆ ಇದು ಹಳೇ ಬಾಕಿ ತೀರಿಸೋದು ಅನ್ನಿ" ಅಂದರು. ಬಾಕಿ, ಉದ್ರಿ, ಕ್ರೆಡಿಟ್ಟು... ಎಲ್ಲ ಒಂದೇ ಖಾತೆ ಪುಸ್ತಕಕ್ಕೆ ಬಂತು ನೋಡಿ.

ಆದರೂ ಹೊತ್ತೆಲ್ಲಿಂದ ತರ್ತೀಯೇ ಅಂತ ಕೇಳಿದೆ. ನನ್ನ ತವರದ ಕಥೆ ನೆನಪಿತ್ತಲ್ಲ. ಹುಡುಗಿ ನನಗಿಂತ ಜಾಣೆ. ವಾರಕ್ಕೊಂದು ಅಸೈನ್‌ಮೆಂಟು, ಬುಧವಾರ ರಾತ್ರಿ 11:59ಕ್ಕೆ ಕಡೇ ಗಡುವು. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75. ಹನ್ನೆರಡು ಅಸೈನ್‌ಮೆಂಟಲ್ಲಿ ಚೆನ್ನಾಗಿ ಮಾಡಿದ ಎಂಟನ್ನ ಮಾತ್ರ ಲೆಕ್ಕಕ್ಕೆ ಹಿಡೀತಾರೆ. ಅಂದ್ರೆ ನಾಲ್ಕು ವಾರ ಮಾಫಿ. ಆ ನಾಲ್ಕನ್ನ ಅವಳು ಮೊದಲೇ ಹಂಚಿಟ್ಟಿದ್ದಾಳೆ: ಎರಡು ಇಂಟರ್ನಲ್ಸ್ ವಾರಕ್ಕೆ, ಒಂದು ಶಿರಸಿ ಮಾರಿಕಾಂಬೆ ಜಾತ್ರೆಗೆ, ಒಂದು ಜ್ವರಕ್ಕೆ. ಜ್ವರಕ್ಕೂ ಜಾಗ ಇಟ್ಟ ಟೈಮ್‌ಟೇಬಲ್ಲನ್ನ ನಾನು ನೋಡಿದ್ದು ಇದೇ ಮೊದಲು. ಜಾತ್ರೆಯೂ ಎರಡು ವರ್ಷಕ್ಕೊಮ್ಮೆ ಬರೋದು, ಬಿಡೋಕಾಗತ್ತಾ?

ಉಳಿದದ್ದು ಬಸ್ಸಿನಲ್ಲಿ. ಹೋಗೋಕೆ ನಲವತ್ತು ನಿಮಿಷ, ಬರೋಕೆ ನಲವತ್ತು. ಶಕ್ತಿ ಯೋಜನೆ ಬಂದಮೇಲೆ ಟಿಕೆಟ್ಟಿನ ದುಡ್ಡೂ ಇಲ್ಲ. ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು 'ದೇರ್, ದೀ, ದಾಸ್' ಅಂತ ಗೊಣಗ್ತಾ ಕೂರ್ತಾಳೆ. ಮೊನ್ನೆ ಕಂಡಕ್ಟರ್ ಬಂದು "ಆಧಾರ್ ತೋರ್ಸಮ್ಮ" ಅಂದದ್ದಕ್ಕೆ "ಯಾ, ಯಾ" ಅಂದಳಂತೆ. ಅವನು ಎರಡು ಸಲ ಕಾರ್ಡು ನೋಡಿ, ಊರು ಮೈಸೂರೇ ಅಂತ ಖಾತ್ರಿ ಮಾಡ್ಕೊಂಡು ಝೀರೋ ಟಿಕೆಟ್ ಹರಿದು ಕೊಟ್ಟನಂತೆ.

"ಲ್ಯಾಬಿಗೆ ಮಾತ್ರ ಚಕ್ಕರ್ ಹೊಡೀಬೇಡ" ಅಂದೆ. ನಾನು ಹೇಳಿದ ಬುದ್ಧಿ ಅಷ್ಟೇ. ಜೊತೆಗೆ ಇನ್ನೊಂದೂ ಹೇಳಿದೆ: ಕೆಲಸಕ್ಕೆ ಅರ್ಜಿ ಹಾಕುವಾಗ ತೋರಿಸೋಕೆ ಅಂತ ಇದನ್ನ ಮಾಡ್ತಿದ್ರೆ ಈಗಲೇ ಬಿಟ್ಬಿಡು, ಏಳನೇ ವಾರಕ್ಕೆ ಬೇಸರ ಬರತ್ತೆ. ಹುಡುಗಿ ನಕ್ಕಳು. ಏಳನೇ ವಾರ ಮೊನ್ನೆಯೇ ಮುಗಿದಿತ್ತಂತೆ, ತಾಯಿಗೆ ಹೇಳಿದ್ದೇ ತಡವಾಗಿ.

ಪರೀಕ್ಷೆಯ ದುಡ್ಡು ಕಟ್ಟಿ ಆಗಿದೆ. ಆರುನೂರು ತಾಯಿಯದು, ನಾನೂರು ಕೂಸಿನದು. ಬುಧವಾರ ರಾತ್ರಿ ಆ ಮನೆಯಲ್ಲಿ ಹನ್ನೆರಡರವರೆಗೆ ಲೈಟು ಉರಿಯತ್ತೆ, ತಾಯಿ ಜೊತೆಗೆ ಕೂತು ಕಷಾಯ ಕಾಸ್ತಾರೆ. ಒಂಬತ್ತು ಗಂಟೆಗೆ ಗೋಡೆ ಮೇಲಿಂದ ನನಗೂ ಒಂದು ಲೋಟ ಬರತ್ತೆ. ಜೀರಿಗೆ, ಕೊತ್ತಂಬರಿ, ಹಾಲು ಬೆಲ್ಲ ಹದವಾಗಿರತ್ತೆ.