ಬರುವಾಗ ಖಾಲಿಯದು ತಾ

ಎಂಬತ್ತರ ದಶಕದಲ್ಲಿ ಕಾರವಾರ, ಅಂಕೋಲೆ ಕಡೆಯಿಂದ ಮಸ್ಕತ್ತು, ಕುವೈತು ಅಂತ ಹೋದವರು ರಜೆಗೆ ಬಂದರೆ ಬಗಲಲ್ಲಿ ಜೋಡಿ ಕ್ಯಾಸೆಟ್ಟಿನ ಟೇಪ್‌ರೆಕಾರ್ಡರ್ ಇರಲೇಬೇಕು. ಜೊತೆಗೆ ಅಲ್ಲಿಯ ಅಂಗಡಿಯಲ್ಲಿ ಆರಿಸಿ ತಂದ ಹಾಡುಗಳು. ಯಾರವು ಅಂದಿರಾ? ಲತಾ, ರಫಿ, ಕಿಶೋರ್! ಮುಂಬೈಯಲ್ಲಿ ಹುಟ್ಟಿದ ಹಾಡು ಅರಬ್ಬೀ ಸಮುದ್ರ ದಾಟಿ, ಸೆಂಟು ಪೂಸಿಕೊಂಡು ವಾಪಸು ಬಂದರೆ ಅದರ ಗತ್ತೇ ಬೇರೆ. "ಇಲ್ಲೇ ಸಿಗ್ತಿತ್ತಲ್ಲೋ" ಎಂದರೆ, "ಇದು ಫಾರಿನ್ನಿಂದು, ದನಿ ಕ್ಲಿಯರ್" ಎಂಬ ಉತ್ತರ.

ಊರಿನ ಜಾಣರು ಮಾತ್ರ, "ಬರುವಾಗ ಖಾಲಿಯದು ತಾರೋ ಮಾರಾಯ" ಎನ್ನುತ್ತಿದ್ದರು. ಯಕ್ಷಗಾನ ತುಂಬಿಸಿಕೊಳ್ಳಲು! 90 ನಿಮಿಷದ ಟಿಡಿಕೆ ಕ್ಯಾಸೆಟ್ಟಿಗೆ ಇನ್ನಿಲ್ಲದ ಬೇಡಿಕೆ. ಒಂದು ಬದಿಗೆ 45 ನಿಮಿಷ. ಆಟವೋ ಬೆಳಗಿನ ತನಕ. ಟೇಪ್ ಹಿಡಿದು ರಂಗಸ್ಥಳದ ಬುಡದಲ್ಲಿ ಕೂತವನಿಗೆ ಆಟ ನೋಡುವ ಭಾಗ್ಯವಿಲ್ಲ, ಕಣ್ಣೆಲ್ಲ ತಿರುಗುವ ಗಾಲಿಯ ಮೇಲೆ. ಬಣ್ಣದ ವೇಷ ಅಬ್ಬರಿಸಿ ತೆರೆ ಸರಿಯುವ ಹೊತ್ತಿಗೇ 'ಟಕ್'. ಮಗುಚಿ ಹಾಕುವಷ್ಟರಲ್ಲಿ ರಾಕ್ಷಸನ ಒಡ್ಡೋಲಗ ಅರ್ಧ ಮುಗಿದಿರುತ್ತಿತ್ತು. ಮನೆಯಲ್ಲಿ ಕೇಳಿದರೆ ಭಾಗವತರ ಪದಕ್ಕಿಂತ ಪಕ್ಕದವನ ಕೆಮ್ಮು, ಶೇಂಗಾ ಸುಲಿಯುವ ಸದ್ದೇ ಕ್ಲಿಯರ್.

ಇತ್ತ ಅಂಕೋಲೆಯ ಬಡಗೇರಿಯಲ್ಲಿ, ಮುಂದೆ 2017ರಲ್ಲಿ ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರು ಹಾಲಕ್ಕಿ ಸಮುದಾಯದ ಹಾಡುಗಳ ಭಂಡಾರವನ್ನೇ ನಾಲಿಗೆಯ ಮೇಲಿಟ್ಟುಕೊಂಡಿದ್ದರು. ಒಂದು ಖಾಲಿ ಕ್ಯಾಸೆಟ್ ಅತ್ತಲೂ ಒಯ್ಯೋಣ ಎಂದು ನಮ್ಮ ಟೇಪಿನ ಶೂರರಿಗೆ ಹೊಳೆದರೆ ಕೇಳಿ.

ಇನ್ನು ಜೂನ್ ಮಳೆ ಹಿಡಿಯಿತೆಂದರೆ ಕ್ಯಾಸೆಟ್ಟಿಗೆಲ್ಲ ಬೂಸಲು. ಅದು ಫಾರಿನ್ನಿನದೆಂದು ಯಾವ ಮುಲಾಜೂ ನೋಡುತ್ತಿರಲಿಲ್ಲ.