ಮಾನ್ಯ 648 ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ 648 ಅವರ ಸನ್ನಿಧಾನಕ್ಕೆ, ಕೆಂಗೇರಿಯ ಬಾಡಿಗೆದಾರನೊಬ್ಬನ ನಮಸ್ಕಾರಗಳು.

ಇತ್ತ ಎಲ್ಲರೂ ಕ್ಷೇಮ. ತಮ್ಮ ಕ್ಷೇಮವನ್ನು ಮಾತ್ರ ಕೋರಲಾರೆ. ತಾವು ಬೇಗ ತೊಲಗಿ ಆ ಪೀಠಕ್ಕೆ 750 ಅವರು ಬರಲೆಂದು ಹೋದ ವರ್ಷದಿಂದ ಹರಕೆ ಹೊತ್ತವನು ನಾನು.

ತಾವು ಎಂದಿನಿಂದ ನನ್ನ ಹೆಗಲೇರಿ ಕೂತಿದ್ದಿರೋ ತಿಳಿಯದು. ಮುಖಾಮುಖಿಯಾದದ್ದು ನನ್ನ 46ನೇ ವಯಸ್ಸಿನಲ್ಲಿ, ಬ್ಯಾಂಕೊಂದರ ಗೃಹಸಾಲದ ಕೌಂಟರಿನ ಮುಂದೆ. 50 ಲಕ್ಷದ ಫ್ಲ್ಯಾಟು, 40 ಲಕ್ಷ ಸಾಲ. ಸಂಬಳದ ಚೀಟಿ, ಫಾರಂ 16, ಇ-ಖಾತೆಯ ಪ್ರತಿ ಎಲ್ಲವನ್ನೂ ಹೊಸ ಫೈಲಿನಲ್ಲಿ ಜೋಡಿಸಿಕೊಂಡು, ಮದುವೆ ಮಾತುಕತೆಗೆ ಹೊರಟವನಂತೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಕೌಂಟರಿನ ಹುಡುಗಿ ಫೈಲು ಬಿಚ್ಚಲೇ ಇಲ್ಲ. ನನ್ನ ಪ್ಯಾನ್ ನಂಬರ್ ಕುಟ್ಟಿದಳು, ಪರದೆ ನೋಡಿದಳು. "ಸಾರ್, ನಿಮ್ ಸಿಬಿಲ್ ಸ್ಕೋರ್ 648, ಸ್ವಲ್ಪ ವೀಕ್ ಇದೆ" ಅಂದಳು, ಬಿಪಿ ನೋಡಿದ ಡಾಕ್ಟರರ ದನಿಯಲ್ಲಿ.

ವೀಕ್ ಇದ್ದವರಿಗೂ ಸಾಲ ಸಿಗುತ್ತದಂತೆ, ಇನ್ನೊಂದು ಕಡೆ, ಬಡ್ಡಿ ಶೇ 8.5ರ ಬದಲು 9.5. ಇಪ್ಪತ್ತು ವರ್ಷದ ಕಂತು ತಿಂಗಳಿಗೆ 34,713 ಇದ್ದದ್ದು 37,285 ಆಗುತ್ತದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುಣಿಸಿ ನೋಡಿದೆ: 6 ಲಕ್ಷದ 17 ಸಾವಿರ ಹೆಚ್ಚು. ಕಟ್ಟುವುದು ಕಷ್ಟವೆಂದು ಅನುಮಾನವಿದ್ದವನಿಂದ ಇನ್ನಷ್ಟು ಕಟ್ಟಿಸಿಕೊಳ್ಳುವ ಈ ಕರುಣೆಗೆ ನಾನು ಮೂಕನಾದೆ.

ವರ್ಷಕ್ಕೊಮ್ಮೆ ಸಾಲಚರಿತ್ರೆಯ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ತರಿಸಿಕೊಂಡೆ. ಜಾತಕ ಅಂದರೆ ಅದು ಸ್ವಾಮಿ! ತಿಂಗಳಿಗೊಂದು ಚೌಕ, ಚೌಕದೊಳಗೆ ಕಂತು ಎಷ್ಟು ದಿನ ತಡವಾಯಿತೆಂಬ ಅಂಕಿ. ಎಲ್ಲದರಲ್ಲೂ 000 ಇದ್ದರೆ ಶ್ರೇಷ್ಠ. ಮೇಷ್ಟ್ರು ಸೊನ್ನೆ ಕೊಟ್ಟಾಗ ಮುಚ್ಚಿಡುತ್ತಿದ್ದ ನಾನು ಈಗ ಸೊನ್ನೆಗಾಗಿ ಬಾಯಿಬಿಡುವಂತಾಯಿತು.

ನನ್ನ ಪಾಪಗಳು ಎರಡು. ಮೊದಲನೆಯದು, ಸಂಬಳದ ಖಾತೆ ತೆರೆದಾಗ ಕೈಗೆ ತುರುಕಿದ ಒಂದು ಕ್ರೆಡಿಟ್ ಕಾರ್ಡು. ಒಮ್ಮೆಯೂ ಉಜ್ಜಲಿಲ್ಲ. ಸಾಲ ಮಾಡದಿರುವುದು ಸಭ್ಯತೆ ಎಂದುಕೊಂಡಿದ್ದೆ. ವಾರ್ಷಿಕ ಶುಲ್ಕ 500, ಜಿಎಸ್‌ಟಿ 90, ಅದು ಬೀರುವಿನೊಳಗೇ ಬಡ್ಡಿ ತಿಂದು, ದಂಡ ಕುಡಿದು 14 ಸಾವಿರಕ್ಕೆ ಬೆಳೆದಿತ್ತು. ವಸೂಲಿಯವನು ಫೋನಿನಲ್ಲಿ "ನಾಲ್ಕು ಸಾವಿರ ಕೊಡಿ ಸಾರ್, ಸೆಟ್ಲ್ ಮಾಡ್ತೀವಿ" ಅಂದ. ಕೆ.ಆರ್. ಮಾರುಕಟ್ಟೆಯಲ್ಲಿ ಚೌಕಾಸಿ ಗೆದ್ದವನಂತೆ ಬೀಗಿ ಕೊಟ್ಟೆ. ವರದಿಯಲ್ಲಿ ಆ ಗೆಲುವು 'ಸೆಟ್ಲ್ಡ್' ಎಂದು ದಾಖಲಾಗಿದೆ. ನಮ್ಮ ಭಾಷೆಯಲ್ಲಿ ಸೆಟ್ಲ್ ಆದವನೆಂದರೆ ಬದುಕಿನಲ್ಲಿ ನೆಲೆ ನಿಂತವ. ತಮ್ಮ ಭಾಷೆಯಲ್ಲಿ ಪೂರ್ತಿ ಕೊಡದೆ ಕೈಯೆತ್ತಿದವ. 'ಕ್ಲೋಸ್ಡ್' ಎಂದಿದ್ದರೆ ಮಾತ್ರ ಮಾನ ಉಳಿಯುತ್ತಿತ್ತು.

ಎರಡನೆಯ ಪಾಪ, ನನ್ನ ಷಡ್ಡಕ. ಜೆರಾಕ್ಸ್ ಅಂಗಡಿ ಇಡಲು ಅವನು ತೆಗೆದ ಸಾಲಕ್ಕೆ ನಾನು ಜಾಮೀನು ಹಾಕಿದ್ದೆ. ಜಾಮೀನು ಎಂದರೆ ನಮ್ಮಲ್ಲಿ ಕಾಫಿ ಕುಡಿಯುತ್ತಾ ಹಾಕುವ ಸಹಿ, ದಾಕ್ಷಿಣ್ಯದ ಬಾಬತ್ತು. 1872ರ ಕರಾರು ಕಾಯ್ದೆಯ 128ನೇ ಕಲಮಿನ ಪ್ರಕಾರ ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನದೂ ಅಷ್ಟೇ ಎಂದು ಆ ಕಾಫಿ ಹೊತ್ತಿನಲ್ಲಿ ಯಾರೂ ಹೇಳುವುದಿಲ್ಲ. ಅವನು ಮೂರು ತಿಂಗಳು ಎಡವಿದ; ನನ್ನ ವರದಿಯ ಚೌಕಗಳಲ್ಲಿ 030, 060 ಮೂಡಿದವು.

ಇನ್ನು ನನ್ನ ಪುಣ್ಯದ ಪುಟ ಹುಡುಕಿದೆ. ಹದಿನೇಳು ವರ್ಷ ಪ್ರತಿ ತಿಂಗಳ ಐದನೇ ತಾರೀಖು ಓನರ್ ಅಜ್ಜಿಯ ಕೈಗಿಟ್ಟ ಬಾಡಿಗೆ: ಇಲ್ಲ. ಹೆಂಡತಿ ಒಂದು ಕಂತೂ ತಪ್ಪಿಸದ ಮಹಿಳಾ ಚೀಟಿ: ಇಲ್ಲ. ಅವಳಿಗಂತೂ ತಾವು ದರ್ಶನವನ್ನೇ ಕೊಡಲಿಲ್ಲ. ಸಾಲವನ್ನೇ ಮಾಡದ ಆಕೆಯ ಹೆಸರಿನ ಮುಂದೆ ಮೈನಸ್ ಒಂದು. ಸಾಲ ಮಾಡಬೇಡಿರೆಂದು ತ್ರಿಪದಿ ಹೇಳಿದ ಸರ್ವಜ್ಞನಿಗೂ ಮೈನಸ್ ಒಂದೇ ಬರುತ್ತಿತ್ತು. ಅವನೇನೋ ಊರೂರು ತಿರುಗುವವ, ಟೂ ಬಿಎಚ್‌ಕೆ ಬೇಕಿರಲಿಲ್ಲ. ಸಾಲ ಮಾಡಿ ತುಪ್ಪ ತಿನ್ನೆಂದ ಚಾರ್ವಾಕರಿಗೆ, ತುಪ್ಪದ ಕಂತು ತಪ್ಪಿಸದಿದ್ದರೆ, ಎಂಟುನೂರು ಗ್ಯಾರಂಟಿ. (ಮೊದಲ ಸಲ ಸಾಲ ಕೇಳುವವರನ್ನು ಹಿಂದಿನ ಚರಿತ್ರೆ ಇಲ್ಲವೆಂಬ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ಸರ್ಕಾರ 2025ರಲ್ಲಿ ಲೋಕಸಭೆಯಲ್ಲಿ ಸ್ಪಷ್ಟಪಡಿಸಿದೆ. ಹೆಂಡತಿಗೆ ಓದಿ ಹೇಳಿದೆ. "ಬೇರೆ ಕಾರಣ ಹುಡುಕ್ತಾರೆ ಬಿಡಿ" ಅಂದಳು.)

ಪ್ರಾಯಶ್ಚಿತ್ತ ಶುರುವಾಯಿತು. ಹದಿನೈದು ಸಾವಿರ ಕೊಟ್ಟರೆ ತಮ್ಮನ್ನು ತಿಂಗಳಲ್ಲಿ ಎತ್ತಂಗಡಿ ಮಾಡಿಸುವುದಾಗಿ ಹೇಳಿದ ಒಬ್ಬ ಮಾಂತ್ರಿಕ ಸಿಕ್ಕ. ದುಡ್ಡು ಕೊಟ್ಟು ಅಳಿಸುವಂತಿದ್ದರೆ ಮಲ್ಯ ಲಂಡನ್ನಿನಲ್ಲಿ ಯಾಕಿರುತ್ತಿದ್ದರು ಎನಿಸಿ ಎದ್ದು ಬಂದೆ. ಕಾರ್ಡಿನ ಬ್ಯಾಂಕಿಗೆ ಹೋಗಿ, ನೀವು ಬಿಟ್ಟುಕೊಟ್ಟ ಹತ್ತು ಸಾವಿರವನ್ನು ದಯವಿಟ್ಟು ತೆಗೆದುಕೊಳ್ಳಿ ಎಂದು ಬೇಡಿದೆ. ತೆಗೆದುಕೊಳ್ಳಲೂ ನಾಲ್ಕು ಸಲ ಅಲೆಸಿದರು. ಬಾಕಿ ಇಲ್ಲವೆಂಬ ಪತ್ರ ಬಂತು, ವರದಿ ಬದಲಾಗಲಿಲ್ಲ. ದೂರು ಹಾಕಿದೆ. ಮೂವತ್ತು ದಿನದೊಳಗೆ ಸರಿಪಡಿಸದಿದ್ದರೆ ದಿನಕ್ಕೆ ನೂರು ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲಿನಿಂದ ಜಾರಿಯಲ್ಲಿದೆ. ಅವರು ಇಪ್ಪತ್ತೊಂಬತ್ತನೇ ದಿನ ಸರಿಪಡಿಸಿದರು. ಸರ್ಕಾರಿ ಕಚೇರಿಗಳೂ ಕಲಿಯಬೇಕಾದ ಸಮಯಪ್ರಜ್ಞೆ.

ಷಡ್ಡಕನ 060 ಅನ್ನು ಅಳಿಸುವಂತಿರಲಿಲ್ಲ, ಅದು ನಿಜ ತಾನೆ. ಅದರ ಮೇಲೆ ತಿಂಗಳು ತಿಂಗಳು ಸೊನ್ನೆ ಸುರಿದು ಮುಚ್ಚಬೇಕು. ಸೊನ್ನೆ ಬೀಳಲು ಸಾಲ ಬೇಕು. ನ್ಯಾಯವಾದ ಬಡ್ಡಿಗೆ ಸಾಲ ಕೊಡುವವರಿಲ್ಲ. ಆಗ ಕೌಂಟರಿನ ಅದೇ ಹುಡುಗಿ ಉಪದೇಶ ಕೊಟ್ಟಳು: ಇಪ್ಪತ್ತು ಸಾವಿರ ಎಫ್‌ಡಿ ಇಡಿ, ಅದರ ಮೇಲೆ ಕಾರ್ಡು ಕೊಡ್ತಾರೆ. ಅಂದರೆ ನನ್ನದೇ ದುಡ್ಡನ್ನು ಒತ್ತೆಯಿಟ್ಟು, ನನಗೇ ಸಾಲ ಕೊಟ್ಟುಕೊಂಡು, ನನಗೇ ತೀರಿಸಿ, ನಾನು ನಂಬಿಗಸ್ತನೆಂದು ತಮಗೆ ತೋರಿಸಬೇಕು. ತೋರಿಸಿದೆ. ಸೊಪ್ಪು, ಹಾಲು, ಮಾತ್ರೆ ಎಲ್ಲಕ್ಕೂ ಕಾರ್ಡು. ಆದರೆ ಮಿತಿಯ ಶೇ 30ರೊಳಗೆ, ಆರು ಸಾವಿರ ದಾಟುವಂತಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಅಪ್ಪ ಹೇಳಿಕೊಟ್ಟಿದ್ದರು. ತಮ್ಮ ಶಾಸ್ತ್ರದಲ್ಲಿ ಹಾಸಿಗೆಯಷ್ಟು ಚಾಚಿದರೂ ತಪ್ಪು, ಕಾಲು ಮಡಚಿ ಕೂತರೂ ತಪ್ಪು. ಹಾಸಿಗೆಯ ಮೂರನೇ ಒಂದು ಭಾಗದಲ್ಲಿ ಮುದುಡಿ ಮಲಗಬೇಕು.

ನಡುವೆ ಆತುರಪಟ್ಟು ಒಂದೇ ತಿಂಗಳಲ್ಲಿ ನಾಲ್ಕು ಬ್ಯಾಂಕಿಗೆ ಅರ್ಜಿ ಹಾಕಿದೆ. ನಾಲ್ಕು ಮನೆಗೆ ಹೆಣ್ಣು ನೋಡಲು ಹೋದ ಗಂಡಿನಂತೆ ಹೆಸರು ಕೆಟ್ಟು, ತಾವು ಇನ್ನೆರಡು ಮೆಟ್ಟಿಲು ಕೆಳಗಿಳಿದಿರಿ.

ಕಡೆಗೂ ಹದಿನಾಲ್ಕನೇ ತಿಂಗಳಿಗೆ ತಮ್ಮ ಜಾಗಕ್ಕೆ 752 ಅವರ ಆಗಮನವಾಗಿದೆ. ಹೆಂಡತಿ ಕೇಸರಿಬಾತ್ ಮಾಡಿದಳು. ಮಾರನೇ ದಿನ ಫ್ಲ್ಯಾಟಿನವರಿಗೆ ಫೋನ್ ಮಾಡಿದರೆ ಬೆಲೆ 58 ಲಕ್ಷವಾಗಿತ್ತು. ನೋಂದಣಿ ಶುಲ್ಕವೂ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು 2 ಆಗಿದೆ. ನಾನು ಯೋಗ್ಯನಾಗುವಷ್ಟರಲ್ಲಿ ಮನೆ ನನಗಿಂತ ಯೋಗ್ಯವಾಗಿಬಿಟ್ಟಿದೆ.

ಮೊನ್ನೆ ಬಾಡಿಗೆ ಕರಾರನ್ನು ಇನ್ನೂ ಹನ್ನೊಂದು ತಿಂಗಳಿಗೆ ಬರೆಸಿಕೊಂಡೆವು. ಓನರ್ ಅಜ್ಜಿಗೆ 752 ಎಂದೆ. ಮನೆ ನಂಬರೋ ಎಂದರು. ಕನ್ನಡಕ ಏರಿಸಿ ಸಹಿ ಹಾಕಿ, "ಐದನೇ ತಾರೀಖು ಮರೀಬೇಡಪ್ಪಾ" ಅಂದರು. ಹದಿನೇಳು ವರ್ಷದಿಂದ ಹೀಗೇ ಹೇಳುತ್ತಿದ್ದಾರೆ.

ಇಂತಿ,
ತಮ್ಮ ಮಾಜಿ ವಾಹನ,
ಕೆಂಗೇರಿಯ ಬಾಡಿಗೆದಾರ